ಕಥೆ ಯಾರದು, ಧಾರಾವಾಹಿ ಯಾರದು: ಕಿರುತೆರೆಯ ಬರಹಗಾರ ನಿರ್ಮಾಪಕನಾಗುವ ದಾರಿ

ಹಾಸನದ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಕಲಿಯುವವರು ಇಂದಿಗೂ ಇದ್ದಾರೆ. ಪಾತ್ರ ಬೇಕಾದವನು ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ದುರ್ಯೋಧನ, ಕೃಷ್ಣ, ಭೀಮರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಸೀನರಿಯ ಬಾಡಿಗೆ, ಮೈಕ್ ಸೆಟ್ಟು, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಹಾರ್ಮೋನಿಯಂ ಮೇಷ್ಟ್ರ ಫೀಸು ಎಲ್ಲವೂ ಆ ದುಡ್ಡಿನಲ್ಲೇ ನಡೆಯಬೇಕು. ಪುಸ್ತಕದ ಮಾತನ್ನು ಎಲ್ಲಿ ಕತ್ತರಿಸಬೇಕು, ಕಂದಪದ್ಯಕ್ಕೆ ಯಾವ ರಾಗ, ಯಾರ ಪ್ರವೇಶ ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ತೀರ್ಮಾನಿಸುವವರು ಮೇಷ್ಟ್ರು; ಅವರೇ ಬರಹಗಾರ, ಅವರೇ ನಿರ್ದೇಶಕ, ಒಂದು ಅರ್ಥದಲ್ಲಿ ಅವರೇ ನಿರ್ಮಾಪಕ. ಆದರೆ ಹೆಚ್ಚು ದುಡ್ಡು ಕೊಟ್ಟ ದುರ್ಯೋಧನ ತನಗೆ ಇನ್ನೆರಡು ಹಾಡು ಬೇಕೆಂದರೆ ಮೇಷ್ಟ್ರು ಸೇರಿಸದೆ ವಿಧಿಯಿಲ್ಲ. ದುಡ್ಡು ಯಾವ ಕಡೆಯಿಂದ ಬರುತ್ತದೆಯೋ ಮಾತು ಆ ಕಡೆಗೆ ವಾಲುತ್ತದೆ ಎಂಬ ಈ ಸರಳ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕನ್ನಡ ಕಿರುತೆರೆಯ ಬರಹಗಾರನ ಇಂದಿನ ಪರಿಸ್ಥಿತಿಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2024ರ ನವೆಂಬರ್ 14ರಂದು ವಯಾಕಾಮ್18 ಮತ್ತು ಡಿಸ್ನಿ ಸ್ಟಾರ್‌ಗಳ ವಿಲೀನ ಪೂರ್ಣಗೊಂಡು ಜಿಯೋಸ್ಟಾರ್ ಹುಟ್ಟಿದಾಗ, ಅದುವರೆಗೆ ಒಂದೇ ಹೊತ್ತಿನ ಪ್ರೇಕ್ಷಕರಿಗಾಗಿ ಪೈಪೋಟಿ ನಡೆಸುತ್ತಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಯಜಮಾನನ ಮನೆ ಸೇರಿದವು. ಇನ್ನುಳಿದ ದೊಡ್ಡ ಮನರಂಜನಾ ವಾಹಿನಿಗಳೆಂದರೆ ಜೀ ಕನ್ನಡ ಮತ್ತು ಸನ್ ಸಮೂಹದ ಉದಯ. ಅಂದರೆ ದಿನಧಾರಾವಾಹಿಗೆ ಬಂಡವಾಳ ಹೂಡಬಲ್ಲ ಬಾಗಿಲುಗಳು ನಾಲ್ಕಿದ್ದದ್ದು ಮೂರಾದವು. ಚಿಕ್ಕಮಗಳೂರಿನ ಹಿರಿಯ ಕಾಫಿ ಬೆಳೆಗಾರರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ಹಂತ ಹಂತವಾಗಿ ಮುಕ್ತ ಮಾರಾಟ ಬಂದು 1996ರ ಹೊತ್ತಿಗೆ ಅದು ಪೂರ್ತಿಯಾಗುವವರೆಗೆ, ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟಿಗೆ ಸೇರಿಸುವ ಸಂಗ್ರಹಕ್ಕೆ, ಒಪ್ಪಿಸಿ ಕಂತು ಕಂತಾಗಿ ಬರುವ ಹಣಕ್ಕೆ ಕಾದವರು ಅವರು. ಕೊಳ್ಳುವವರು ಕಡಿಮೆಯಾದಷ್ಟೂ ಬೆಲೆ ಹೇಳುವ ಬಾಯಿ ಯಾವುದಾಗುತ್ತದೆ ಎಂಬುದು ಅವರಿಗೆ ಗೊತ್ತು.

ಬರಹಗಾರ-ನಿರ್ಮಾಪಕ ಎಂಬ ಪದ ಕನ್ನಡದಲ್ಲಿ ಹೆಚ್ಚು ಬಳಕೆಯಲ್ಲಿಲ್ಲ, ಏಕೆಂದರೆ ನಮ್ಮಲ್ಲಿ ಅದೊಂದು ಹುದ್ದೆಯಲ್ಲ, ಕೆಲವರು ತಮ್ಮ ಹಟದಿಂದ ಸಾಧಿಸಿಕೊಂಡ ಸ್ಥಿತಿ. ಅಮೆರಿಕದ ದೂರದರ್ಶನ ಉದ್ಯಮದಲ್ಲಿ ಇದು ಬಡ್ತಿಯ ಏಣಿ: ಕಿರಿಯ ಬರಹಗಾರನಾಗಿ ಸೇರಿದವನು ವರ್ಷಗಳು ಕಳೆದಂತೆ ಸಹನಿರ್ಮಾಪಕ, ನಿರ್ಮಾಪಕ, ಕೊನೆಗೆ ಕಾರ್ಯಕಾರಿ ನಿರ್ಮಾಪಕ ಎಂಬ ಹೆಸರುಗಳನ್ನು ಪಡೆಯುತ್ತಾನೆ, ಮೇಲಿನ ಮೆಟ್ಟಿಲಲ್ಲಿ ನಿಂತವನನ್ನು ಶೋರನ್ನರ್ ಎನ್ನುತ್ತಾರೆ. ಅಲ್ಲಿನ ಬರಹಗಾರರ ಸಂಘ 2023ರ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ ನಡೆಸಿದ ಮುಷ್ಕರದಲ್ಲಿ ಸಂಬಳ ಮತ್ತು ಕೃತಕ ಬುದ್ಧಿಮತ್ತೆಯ ವಿಷಯಗಳು ಹೆಚ್ಚು ಸುದ್ದಿಯಾದರೂ, ಚಿತ್ರೀಕರಣ ನಡೆಯುವಾಗಲೂ ಬರಹಗಾರರನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೆಂಬುದು ಒಂದು ಮುಖ್ಯ ಬೇಡಿಕೆಯಾಗಿತ್ತು. ಸೆಟ್ಟಿಗೆ ಹೋಗದ ಬರಹಗಾರ ಎಂದಿಗೂ ನಿರ್ಮಾಣ ಕಲಿಯಲಾರ, ನಿರ್ಮಾಣ ಕಲಿಯದವನು ತನ್ನ ಕಥೆಯ ಮೇಲೆ ಹಿಡಿತ ಸಾಧಿಸಲಾರ ಎಂಬುದು ಅದರ ಹಿಂದಿದ್ದ ತರ್ಕ. ಕನ್ನಡದಲ್ಲಿ ಇಂಥ ಏಣಿ ಎಂದೂ ಇರಲಿಲ್ಲ. ಆದರೂ ಒಂದು ಕಾಲದಲ್ಲಿ ಹತ್ತುವವರು ಇದ್ದರು. ಈಗ ಹತ್ತುವವರೂ ಕಡಿಮೆಯಾಗಿದ್ದಾರೆ. ಏಕೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಭಾರತದ ದೂರದರ್ಶನದಲ್ಲಿ ಬರಹಗಾರನ ಹೆಸರು ಮನೆಮಾತಾದದ್ದು 1984ರ ಜುಲೈ 7ರಂದು ಆರಂಭವಾದ ‘ಹಮ್ ಲೋಗ್’ನಿಂದ. ಪತ್ರಕರ್ತರೂ ಕಾದಂಬರಿಕಾರರೂ ಆಗಿದ್ದ ಮನೋಹರ ಶ್ಯಾಮ ಜೋಶಿ ಒಂದೂವರೆ ನೂರಕ್ಕೂ ಹೆಚ್ಚು ಸಂಚಿಕೆಗಳನ್ನು ಬರೆದರು. ಆಗ ತಾನೇ ಪೇಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್ ಅದರ ಪ್ರಾಯೋಜಕತ್ವ ವಹಿಸಿತು. ಆ ಪ್ರಾಯೋಜಕ ಪದ್ಧತಿಯೇ ಮುಂದಿನ ಹದಿನೈದು ವರ್ಷ ಧಾರಾವಾಹಿಗಳ ಆರ್ಥಿಕ ಬೆನ್ನೆಲುಬಾಯಿತು. ನಿರ್ಮಾಪಕ ದೂರದರ್ಶನಕ್ಕೆ ಪ್ರಸಾರ ಶುಲ್ಕ ಕಟ್ಟುತ್ತಿದ್ದ. ಅದಕ್ಕೆ ಪ್ರತಿಯಾಗಿ ಸಂಚಿಕೆಯ ಜೊತೆ ಸಿಗುತ್ತಿದ್ದ ಜಾಹೀರಾತಿನ ಸೆಕೆಂಡುಗಳನ್ನು ತಾನೇ ಮಾರಿಕೊಳ್ಳುತ್ತಿದ್ದ. ಸಾಬೂನಿನವರು, ಅಗರಬತ್ತಿಯವರು, ಸೀರೆ ಅಂಗಡಿಯವರು ಮುಂದೆ ಬಂದರೆ ಲಾಭ, ಬಾರದಿದ್ದರೆ ಮನೆಯ ಒಡವೆ ಅಡವು. ದೂರದರ್ಶನದ ಅನುಮೋದನೆಗೆ ತಿಂಗಳುಗಟ್ಟಲೆ ಅಲೆಯಬೇಕಿತ್ತು, ಆ ಕಚೇರಿಗಳ ಮೊಗಸಾಲೆಯಲ್ಲಿ ಸವೆದ ಚಪ್ಪಲಿಗಳಿಗೆ ಲೆಕ್ಕವಿಲ್ಲ. ಆದರೆ ನಷ್ಟದ ಹೊರೆ ನಿರ್ಮಾಪಕನ ತಲೆಯ ಮೇಲೆ ಇದ್ದಂತೆಯೇ ಕಥೆಯೂ ಅವನ ಕೈಯಲ್ಲಿ ಉಳಿಯುತ್ತಿತ್ತು.

ಅದೇ ದಶಕದಲ್ಲಿ ಶಂಕರ್ ನಾಗ್ ಅವರು ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ್ದು ನಮ್ಮ ಕಡೆಯ ಜನರಿಗೆ ಇಂದಿಗೂ ಹೆಮ್ಮೆಯ ಸಂಗತಿ. ಆದರೆ ಅದು ಹೆಚ್ಚಾಗಿ ಬಿಡಿ ಬಿಡಿ ಕಥೆಗಳ ವಾರದ ಸರಣಿ, ದೆಹಲಿಯ ಪ್ರಸಾರಕ್ಕಾಗಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾಡಿದ್ದು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 1998ರಲ್ಲಿ ಬಂದ ‘ಮಾಯಾಮೃಗ’. ಗೌರಿಬಿದನೂರಿನ ಟಿ. ಎನ್. ಸೀತಾರಾಮ್ ಕಾನೂನು ಓದಿದವರು, ನಾಟಕ ಬರೆದವರು, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಡನೆ ಸೇರಿ ಅವರು ಕಟ್ಟಿದ ಈ ದಿನಧಾರಾವಾಹಿ ಮಧ್ಯಮವರ್ಗದ ಮನೆಯ ಕಥೆಯೊಳಗೆ ರಾಜಕಾರಣ, ಕೋರ್ಟು, ಹಣದ ಆಸೆ ಎಲ್ಲವನ್ನೂ ತಂದಿತು. ಮುಂದೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ಗಳಲ್ಲಿ ಸಿ.ಎಸ್.ಪಿ. ಎಂಬ ವಕೀಲನಾಗಿ ಅವರೇ ತೆರೆಯ ಮೇಲೆ ನಿಂತು ಪಾಟೀಸವಾಲು ನಡೆಸುವಾಗ, ಬರೆದವನೂ ನಿರ್ದೇಶಿಸಿದವನೂ ನಟಿಸುತ್ತಿರುವವನೂ ಒಬ್ಬನೇ ಎಂಬುದು ಪ್ರೇಕ್ಷಕರಿಗೆ ತಿಳಿದಿತ್ತು. ಸಿನಿಮಾದಲ್ಲಿ ನಾಯಕನ ಹೆಸರಿನಿಂದ ಚಿತ್ರವನ್ನು ಗುರುತಿಸುವ ಕನ್ನಡಿಗರು ಕಿರುತೆರೆಯಲ್ಲಿ ‘ಸೀತಾರಾಮ್ ಅವರ ಧಾರಾವಾಹಿ’ ಎಂದದ್ದು ಸಣ್ಣ ಬದಲಾವಣೆಯಲ್ಲ.

ಆ ತಲೆಮಾರಿನ ಬೇರೆಯವರನ್ನೂ ನೋಡಿ. ‘ಮಂಥನ’ ಬರೆದು ನಿರ್ದೇಶಿಸಿದ ಎಸ್. ಎನ್. ಸೇತುರಾಮ್ ಆದಾಯ ತೆರಿಗೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ‘ಮೂಡಲಮನೆ’ಯ ವೈಶಾಲಿ ಕಾಸರವಳ್ಳಿ ರಂಗಭೂಮಿಯಲ್ಲೂ ಸಿನಿಮಾದಲ್ಲೂ ಪಳಗಿದ ನಟಿ. ‘ನಾಕುತಂತಿ’ಯ ಬಿ. ಸುರೇಶ ನಾಟಕಕಾರ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳ ಸಿಹಿಕಹಿ ಚಂದ್ರು ಅವರಿಗೆ ದೂರದರ್ಶನದ ಹಾಸ್ಯ ಸರಣಿಯೊಂದು ಕೊಟ್ಟ ಹೆಸರೂ ಮುಖವೂ ಇದ್ದವು. ಇವರಲ್ಲಿ ಯಾರೂ ಧಾರಾವಾಹಿಯ ಸಂಭಾಷಣೆ ಬರೆಯುತ್ತ ಬರೆಯುತ್ತ ಮೇಲೇರಿದವರಲ್ಲ. ಪ್ರತಿಯೊಬ್ಬರೂ ಬೇರೆ ಕಡೆ ಗಳಿಸಿದ ಒಂದು ಬಂಡವಾಳವನ್ನು, ಅದು ವಕೀಲಿಯಾಗಿರಲಿ, ಸರ್ಕಾರಿ ಸಂಬಳವಾಗಿರಲಿ, ರಂಗದ ಮೇಲಿನ ಹೆಸರಾಗಿರಲಿ, ಕಿರುತೆರೆಗೆ ತಂದರು. ವಾಹಿನಿಯ ಅಧಿಕಾರಿಗೆ ‘ಆಗುವುದಿಲ್ಲ’ ಎಂದು ಹೇಳಿ ಎದ್ದು ಬಂದರೂ ಮನೆಯ ಒಲೆ ಉರಿಯುತ್ತದೆ ಎಂಬ ಧೈರ್ಯ ಅವರ ಬರವಣಿಗೆಯ ಬೆನ್ನಿಗಿತ್ತು. ಇದನ್ನು ಪ್ರತಿಭೆಯ ಕಥೆಯಾಗಿ ಮಾತ್ರ ಹೇಳುವ ನಮ್ಮ ಅಭ್ಯಾಸ ನನಗೆ ಅರ್ಧಸತ್ಯವೆನಿಸುತ್ತದೆ.

ಬದಲಾವಣೆ ನಿಧಾನವಾಗಿ ಬಂತು. ಉದಯ 1994ರಲ್ಲಿ, ಇಂದಿನ ಕಲರ್ಸ್ ಕನ್ನಡವಾದ ಈಟಿವಿ ಕನ್ನಡ 2000ದ ಡಿಸೆಂಬರಿನಲ್ಲಿ, ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಆರಂಭವಾದವು. ಹೊಸ ವಾಹಿನಿಗಳಿಗೆ ಆರಂಭದಲ್ಲಿ ಹೆಸರುಳ್ಳವರು ಬೇಕಾಗಿದ್ದರು, ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಧಾರಾವಾಹಿಯಾಗಿಸಿದ್ದು ಈಟಿವಿಯ ಆ ದಿನಗಳಲ್ಲೇ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಲೇಖಕನ ಬಾಲ್ಯದ ನೆಲ, ಆ ನೆಲದ ಪ್ಲೇಗು, ಬಡತನ, ಬೈಗುಳ ಎಲ್ಲವೂ ಸಂಜೆಯ ಹೊತ್ತು ಮನೆಮನೆಯಲ್ಲಿ ಕಂಡವು. ಇಂದು ಅಂಥ ಪ್ರಯೋಗಕ್ಕೆ ಪ್ರೈಮ್ ಟೈಮಿನಲ್ಲಿ ಜಾಗ ಸಿಗುತ್ತದೆಂದು ನಾನು ನಂಬುವುದಿಲ್ಲ. ವಾಹಿನಿಗಳು ನೆಲೆಯೂರಿದ ಮೇಲೆ ಪ್ರಾಯೋಜಕ ಪದ್ಧತಿ ಹಿಂದೆ ಸರಿದು ಕಮಿಷನ್ ಪದ್ಧತಿ ಬಂತು. ಇದರಲ್ಲಿ ಒಂದು ಸಂಚಿಕೆಗೆ ಇಷ್ಟು ಎಂದು ವಾಹಿನಿಯೇ ಹಣ ಕೊಡುತ್ತದೆ, ಜಾಹೀರಾತನ್ನು ವಾಹಿನಿಯೇ ಮಾರುತ್ತದೆ, ಕಥೆಯ ಹಕ್ಕೂ ಬಹುಮಟ್ಟಿಗೆ ವಾಹಿನಿಯದೇ. ಬಿಲ್ಲು ಪಾಸಾಗುವವರೆಗೆ ಕಲಾವಿದರಿಗೂ ತಂತ್ರಜ್ಞರಿಗೂ ತನ್ನ ಕೈಯಿಂದ ಹಣ ಹೊಂದಿಸುವವನು ನಿರ್ಮಾಪಕ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರನಿಗೂ ಇವನಿಗೂ ಇರುವ ವ್ಯತ್ಯಾಸ ಕಡಿಮೆ. ರಸ್ತೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಗುತ್ತಿಗೆದಾರ ತೀರ್ಮಾನಿಸುವುದಿಲ್ಲ.

ಹೊಸ ಪದ್ಧತಿಯನ್ನು ಪೂರ್ತಿಯಾಗಿ ದೂರುವುದೂ ಸರಿಯಲ್ಲ. ಒಡವೆ ಅಡವಿಡುವ ಭಯ ಕಡಿಮೆಯಾಯಿತು, ಸಂಬಳ ತಿಂಗಳು ತಿಂಗಳಿಗೆ ಬರುವ ನೂರಾರು ತಂತ್ರಜ್ಞರ ಸಂಸಾರಗಳು ನಿಂತವು, ನಟನೆಯಿಂದ ನಿರ್ಮಾಣಕ್ಕೆ ಬಂದ ಶ್ರುತಿ ನಾಯ್ಡು ಅವರಂಥವರು ಸ್ವಂತ ಸಂಸ್ಥೆ ಕಟ್ಟಿ ಬೆಳೆದರು. ಆದರೆ ನಿರ್ಮಾಪಕರಾಗಿ ಬೆಳೆದವರಲ್ಲಿ ನಟರು ಇದ್ದಷ್ಟು ಬರಹಗಾರರು ಇಲ್ಲ. ಕಾರಣವನ್ನು ಲೆಕ್ಕದಲ್ಲೇ ಹುಡುಕಬಹುದು. ವಾರಕ್ಕೆ ಐದಾರು ಸಂಚಿಕೆಯಂತೆ ವರ್ಷಕ್ಕೆ ಸುಮಾರು 300 ಸಂಚಿಕೆ. ಜಾಹೀರಾತು ಕಳೆದರೆ ಸಂಚಿಕೆಗೆ 22 ನಿಮಿಷದಷ್ಟು ಕಥೆ. ಒಟ್ಟು 110 ಗಂಟೆ. ಎರಡೂವರೆ ಗಂಟೆಯ ಸಿನಿಮಾಗಳ ಅಳತೆಯಲ್ಲಿ ಹೇಳುವುದಾದರೆ ಒಂದು ಧಾರಾವಾಹಿ ವರ್ಷಕ್ಕೆ 44 ಸಿನಿಮಾಗಳಷ್ಟು ಮಾತು ಕೇಳುತ್ತದೆ. ಇದನ್ನು ಒಬ್ಬನೇ ಬರೆಯುವುದು ಅಸಾಧ್ಯವೆಂದು ಹೇಳುವಂತಿಲ್ಲ, ಬರೆದವರಿದ್ದಾರೆ. ಆದರೆ ಕೆಲಸವನ್ನು ತುಂಡು ಮಾಡುವುದು ಸುಲಭದ ದಾರಿ. ಕಥೆಯ ಎಳೆಯನ್ನು ಧಾರಾವಾಹಿಗಳ ಉಸ್ತುವಾರಿ ನೋಡುವ ವಾಹಿನಿಯ ಫಿಕ್ಷನ್ ತಂಡದೊಂದಿಗೆ ಕೂತು ನಿಗದಿ ಮಾಡುವವರು ಒಬ್ಬರು, ಅದನ್ನು ದಿನದ ಒನ್‌ಲೈನ್ ಆಗಿ, ಅಂದರೆ ದೃಶ್ಯಗಳ ಚಿಕ್ಕ ಪಟ್ಟಿಯಾಗಿ, ಒಡೆಯುವವರು ಇನ್ನೊಬ್ಬರು, ಚಿತ್ರಕಥೆ ಮಾಡುವವರು ಮತ್ತೊಬ್ಬರು, ಕೊನೆಯಲ್ಲಿ ಸಂಭಾಷಣೆಯವನು. ಸರಪಳಿಯ ಈ ಕೊನೆಯ ಕೊಂಡಿಗೆ ಒಂದು ವಿಶೇಷ ಗುಣವಿದೆ: ಅದು ಎಲ್ಲಿ ಬೇಕಾದರೂ ಇರಬಹುದು. ಬೆಂಗಳೂರಿನ ರಾಜರಾಜೇಶ್ವರಿನಗರದ ಶೂಟಿಂಗ್ ಮನೆಯಲ್ಲಿ ಬೆಳಗಿನ ಏಳು ಗಂಟೆಗೆ ಬೇಕಾದ ಮಾತನ್ನು ಹಿಂದಿನ ರಾತ್ರಿ ಹಾಸನದಲ್ಲೋ ಕಡೂರಿನಲ್ಲೋ ಕುಳಿತವನು ವಾಟ್ಸಾಪಿನಲ್ಲಿ ಕಳಿಸಬಹುದು.

ಹಾಗೆ ಕಳಿಸಿದವರಲ್ಲಿ ನಾನೂ ಒಬ್ಬ. ಹದಿನಾಲ್ಕು ತಿಂಗಳು ಒಂದು ಧಾರಾವಾಹಿಗೆ ಸಂಭಾಷಣೆ ಬರೆದೆ. ಸೆಟ್ಟಿಗೆ ಹೋದದ್ದು ಎರಡೇ ಬಾರಿ, ಅದೂ ನನ್ನ ಖರ್ಚಿನಲ್ಲಿ. ಮೊದಲ ಆರು ತಿಂಗಳು ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರಿತ್ತು, ಆಮೇಲೆ ಕಾರ್ಡನ್ನು ಹೊಸದಾಗಿ ಮಾಡಿದಾಗ ಬಿಟ್ಟುಹೋಯಿತು, ಸೇರಿಸುತ್ತೇವೆಂದರು, ಸೇರಿಸಲಿಲ್ಲ. ನನ್ನ ಅಜ್ಜಿ ಮಾತ್ರ ಕೊನೆಯವರೆಗೂ ‘ಇವತ್ತಿಂದು ನೀನೇ ಬರ್ದಿದ್ದೇನಪ್ಪ’ ಎಂದು ಕೇಳುತ್ತಿದ್ದಳು. ಆ ಅವಧಿಯಲ್ಲಿ ನಾನು ಕಲಿತದ್ದು ಸಂಭಾಷಣೆಯನ್ನಲ್ಲ, ಅದು ಮೊದಲೇ ಬರುತ್ತಿತ್ತು. ಗುರುವಾರ ಎಂದರೆ ಏನೆಂಬುದನ್ನು.

ಗುರುವಾರ, ಟಿವಿ ಪ್ರೇಕ್ಷಕರನ್ನು ಎಣಿಸುವ ಬಾರ್ಕ್ ಸಂಸ್ಥೆಯ ವಾರದ ಅಂಕಿಗಳು ಹೊರಬೀಳುವ ದಿನ. ದೇಶದಲ್ಲಿ ಸುಮಾರು 21 ಕೋಟಿ ಟಿವಿ ಮನೆಗಳಿವೆಯೆಂದು ಆ ಸಂಸ್ಥೆಯೇ 2020ರಲ್ಲಿ ಅಂದಾಜಿಸಿತ್ತು. ಯಾರು ಏನು ನೋಡುತ್ತಾರೆಂದು ದಾಖಲಿಸುವ ಮೀಟರು ಅಳವಡಿಸಿರುವ ಮನೆಗಳು 55 ಸಾವಿರದ ಆಸುಪಾಸು. ಅಂದರೆ ಒಂದು ಮೀಟರಿನ ಮನೆ ಸರಾಸರಿ 3,800 ಮನೆಗಳ ಪರವಾಗಿ ರಿಮೋಟು ಒತ್ತುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದು ತಪ್ಪಲ್ಲ, ಇಡೀ ರಾಜ್ಯದ ಮಟ್ಟದಲ್ಲಿ ಪ್ರವೃತ್ತಿಯನ್ನು ತಿಳಿಯಲು ಸಾಕು. ತೊಂದರೆ ಇರುವುದು ಆ ಅಂಕಿಯನ್ನು ಒಂದು ದೃಶ್ಯಕ್ಕೆ, ಒಂದು ಪಾತ್ರಕ್ಕೆ, ಒಂದು ವಾರದ ತಿರುವಿಗೆ ಹಚ್ಚಿ ನೋಡುವ ಅವಸರದಲ್ಲಿ. ಬುಧವಾರದವರೆಗೆ ಸೊಸೆಯನ್ನು ಕ್ಷಮಿಸಲು ಸಿದ್ಧವಾಗಿದ್ದ ಅತ್ತೆ ಗುರುವಾರ ಮಧ್ಯಾಹ್ನದ ಫೋನಿನ ನಂತರ ಇನ್ನೂ ಒಂದು ತಿಂಗಳು ಕ್ಷಮಿಸಕೂಡದೆಂದು ತೀರ್ಮಾನವಾಗುತ್ತದೆ. ಈಗಾಗಲೇ ಚಿತ್ರೀಕರಣವಾದ ಸಂಚಿಕೆಗಳ ಬ್ಯಾಂಕಿಂಗ್ ಎರಡು ಮೂರು ದಿನಕ್ಕಿಂತ ಹೆಚ್ಚಿಲ್ಲದ ತಂಡಗಳಲ್ಲಿ ಇದು ನೇರವಾಗಿ ಬರಹಗಾರನ ನಿದ್ದೆಯ ಮೇಲೆ ಬೀಳುತ್ತದೆ. ಅತ್ತೆಯ ಸ್ವಭಾವವನ್ನು ಮೂರು ತಿಂಗಳು ಕಾಲ ಒಂದು ದಿಕ್ಕಿನಲ್ಲಿ ಬೆಳೆಸಿದವನಿಗೆ ಅದನ್ನು ಒಂದು ರಾತ್ರಿಯಲ್ಲಿ ತಿರುಗಿಸುವ ಕೌಶಲ ಬರುತ್ತದೆ ನಿಜ. ಆದರೆ ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕಾಣುವ ಕೌಶಲ, ಯಾವುದು ಬರಹಗಾರನನ್ನು ನಿರ್ಮಾಪಕನಾಗಿಸಬೇಕಿತ್ತೋ ಅದು, ಬಳಕೆಯಿಲ್ಲದೆ ಸೊರಗುತ್ತದೆ.

ಬಾರ್ಕ್‌ನಿಂದ ಒಂದು ಒಳ್ಳೆಯದೂ ಆಯಿತು. 2015ರ ಅಕ್ಟೋಬರಿನಿಂದ ಅದು ಗ್ರಾಮೀಣ ಮನೆಗಳನ್ನೂ ಎಣಿಸತೊಡಗಿತು. ಅದಕ್ಕೆ ಮುಂಚಿನ ಅಂಕಿಗಳಲ್ಲಿ ಹಳ್ಳಿಯ ಪ್ರೇಕ್ಷಕರಿಗೆ ಲೆಕ್ಕವೇ ಇರಲಿಲ್ಲ. ಹಳ್ಳಿಯ ಮೆಸ್ಸು, ಹಳ್ಳಿಯ ಜಗಳ, ಹಳ್ಳಿಯ ಹೆಣ್ಣುಮಕ್ಕಳ ಓದು ಪ್ರೈಮ್ ಟೈಮಿಗೆ ಬಂದದ್ದು ಆಮೇಲಿನ ವರ್ಷಗಳಲ್ಲಿ. 2021ರಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀ ಅವರ ಪಾತ್ರಕ್ಕೆ ಸಿಕ್ಕ ಸ್ವಾಗತವನ್ನು ಎಲ್ಲರೂ ಬಲ್ಲರು. ಆದರೆ ತೆರೆಯ ಹಳ್ಳಿಗೆ ಭಾಷೆ ಸಾಮಾನ್ಯವಾಗಿ ಒಂದೇ, ಅದಕ್ಕೆ ಉದ್ಯಮದ ಒಳಗೆ ಮಂಡ್ಯ ಭಾಷೆ ಎಂಬ ಹೆಸರು. ಹೊಳೆನರಸೀಪುರದ ಗದ್ದೆಯ ಮಾತಿಗೂ ಅರಸೀಕೆರೆಯ ತೆಂಗಿನ ತೋಟದ ಮಾತಿಗೂ ವ್ಯತ್ಯಾಸವಿದೆ, ಸಕಲೇಶಪುರ ದಾಟಿದರೆ ಇನ್ನೊಂದು, ಕೊಪ್ಪ ಶೃಂಗೇರಿಯ ಕಡೆ ‘ಎಂತಕ್ಕೆ ಮಾರಾಯ್ರೇ’ ಎನ್ನುವ ಬೇರೆಯದೇ ಲಯ. ಇವನ್ನು ಕಿವಿಯಲ್ಲಿ ಇಟ್ಟುಕೊಂಡು ಬೆಳೆದ ಬರಹಗಾರರು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟು ಇದ್ದಾರೆ. ಹಳ್ಳಿಯ ಮನೆಗೆ ಮೀಟರು ಬಂತು. ಕಥೆ ತೀರ್ಮಾನವಾಗುವ ಕೋಣೆಗೆ ಹಳ್ಳಿಯಿಂದ ಬರಹಗಾರ ಹೋಗಲಿಲ್ಲ.

ಆ ಕೋಣೆಯಲ್ಲಿ ಕಥೆ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ಒಂದೇ ಸಮೂಹ ಹಲವು ಭಾಷೆಗಳಲ್ಲಿ ವಾಹಿನಿ ನಡೆಸುವುದರಿಂದ ಒಂದು ಭಾಷೆಯಲ್ಲಿ ಗೆದ್ದ ಕಥೆಯನ್ನು ಇನ್ನೊಂದಕ್ಕೆ ತರುವುದು ಅದಕ್ಕೆ ಅತಿ ಕಡಿಮೆ ಅಪಾಯದ ದಾರಿ. ‘ಪುಟ್ಟಗೌರಿ ಮದುವೆ’ಯ ಮೂಲ ಹಿಂದಿಯಲ್ಲಿತ್ತು, 2019ರ ‘ಜೊತೆ ಜೊತೆಯಲಿ’ಯ ಮೂಲ ಮರಾಠಿಯಲ್ಲಿತ್ತು. ರೀಮೇಕನ್ನು ಕೀಳೆಂದು ನಾನು ಹೇಳುವುದಿಲ್ಲ; ಕಂಪನಿ ನಾಟಕಗಳ ಕಾಲದಿಂದಲೂ ಮರಾಠಿಯ ಕಥೆಗಳು ನಮ್ಮಲ್ಲಿ ಬಂದು ಕನ್ನಡದ್ದೇ ಆಗಿಹೋಗಿವೆ, ಅವನ್ನು ಹಾಗೆ ಮಾಡಿದ ಕಂಪನಿ ಕವಿಗಳ ಶ್ರಮ ದೊಡ್ಡದು. ಆದರೆ ಮೂಲದ ಹಕ್ಕು ಸಮೂಹದ್ದಾದಾಗ ಕನ್ನಡದ ಬರಹಗಾರ ಮೊದಲ ದಿನದಿಂದಲೇ ಬಾಡಿಗೆದಾರ. ಅವನು ಮನೆಗೆ ಸುಣ್ಣ ಬಣ್ಣ ಮಾಡಬಹುದು, ಮಾರುವಂತಿಲ್ಲ.

ಡಬ್ಬಿಂಗ್ ವಿವಾದವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕನ್ನಡದಲ್ಲಿ ದಶಕಗಳ ಕಾಲ ಇದ್ದ ಅಘೋಷಿತ ನಿಷೇಧದ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಆದೇಶ ನೀಡಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಡಬ್ಬಿಂಗ್ ಧಾರಾವಾಹಿಗಳು ಒಮ್ಮೆಲೇ ಒಳಬಂದವು. ಕೆಲಸ ಕಳೆದುಕೊಳ್ಳುವ ಭಯ ತಂತ್ರಜ್ಞರಿಗೂ ಬರಹಗಾರರಿಗೂ ಇದ್ದದ್ದು ಸಹಜ. ಆದರೆ ಅದೇ ವರ್ಷದ ಜುಲೈನಲ್ಲಿ ಜೀ ಕನ್ನಡದಲ್ಲಿ ಹಿಂದಿಯಿಂದ ಡಬ್ ಆಗಿ ಬಂದ ಅಂಬೇಡ್ಕರ್ ಜೀವನದ ‘ಮಹಾನಾಯಕ’ಕ್ಕೆ ಊರೂರುಗಳಲ್ಲಿ ಜನ ಸ್ವಂತ ಖರ್ಚಿನಲ್ಲಿ ಫ್ಲೆಕ್ಸ್ ಕಟ್ಟಿದರು. ಯಾವ ಧಾರಾವಾಹಿಯ ಪ್ರಚಾರ ವಿಭಾಗವೂ ಅಷ್ಟು ಊರುಗಳನ್ನು ತಲುಪಲಾರದು. ಅಂಥ ಕಥೆಗೆ ಪ್ರೇಕ್ಷಕರಿದ್ದಾರೆ ಎಂಬುದನ್ನು ಕನ್ನಡದ ಯಾವ ಫಿಕ್ಷನ್ ತಂಡವೂ ಅದುವರೆಗೆ ಪರೀಕ್ಷಿಸಿರಲಿಲ್ಲ. ಬಾಗಿಲು ಮುಚ್ಚಿ ಕಾಯುವುದಕ್ಕಿಂತ ಒಳಗಿರುವವರಿಗೆ ಬರೆಯುವ ಅಧಿಕಾರ ಕೊಡುವುದು ಹೆಚ್ಚು ಉಪಯೋಗದ್ದಾಗಿತ್ತು ಎಂಬುದು ನನ್ನ ಅಭಿಪ್ರಾಯ. ಗೆಳೆಯರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ.

ಇನ್ನು ಕಾನೂನು. ಬರಹಗಾರರು ಇದನ್ನು ಓದುವುದೇ ಇಲ್ಲ, ಓದಿದರೆ ಆಶ್ಚರ್ಯಪಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧಾರಾವಾಹಿಯೂ ಒಂದು ಚಲನಚಿತ್ರ ಕೃತಿಯೇ, ಮತ್ತು ಚಲನಚಿತ್ರದ ಕರ್ತೃ ನಿರ್ಮಾಪಕ. ಆದರೆ ಅದರೊಳಗಿನ ಕಥೆ, ಚಿತ್ರಕಥೆ, ಸಂಭಾಷಣೆ ಪ್ರತ್ಯೇಕ ಸಾಹಿತ್ಯ ಕೃತಿಗಳು, ಅವುಗಳ ಕರ್ತೃ ಬರೆದವನು. ಸಂಬಳದ ನೌಕರನಾಗಿ ಬರೆದಿದ್ದರೆ ಹಕ್ಕು ಮಾಲೀಕನ ಕಡೆಗೆ ವಾಲುತ್ತದೆ. ಹೊರಗಿನಿಂದ ಬರೆದುಕೊಡುವವನ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷವೆಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ 19ನೇ ಸೆಕ್ಷನ್ ಹೇಳುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ಬಳಕೆಗಳಲ್ಲಿ ರಾಯಧನದ ಸಮಪಾಲು ಪಡೆಯುವ ಹಕ್ಕನ್ನು ಬರಹಗಾರ ತಾನೇ ಬಿಟ್ಟುಕೊಡುತ್ತೇನೆಂದರೂ ಬಿಟ್ಟುಕೊಡಲಾಗದಂತೆ ಮಾಡಿತು. ಕರ್ತೃವೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕು 57ನೇ ಸೆಕ್ಷನ್ನಿನಲ್ಲಿದೆ, ಅದು ಹಕ್ಕು ಮಾರಿದ ಮೇಲೂ ಉಳಿಯುತ್ತದೆ. ಹಾಗಾಗಿ ಹಾಳೆಯೇ ಇಲ್ಲದೆ ವಾಟ್ಸಾಪಿನಲ್ಲಿ ಮಾತು ಕಳಿಸಿದ ಹಾಸನದ ಬರಹಗಾರ, ‘ಎಲ್ಲ ಹಕ್ಕುಗಳೂ, ಎಲ್ಲ ಕಾಲಕ್ಕೂ’ ಎಂಬ ಹಾಳೆಗೆ ಬೆಂಗಳೂರಿನಲ್ಲಿ ಸಹಿ ಹಾಕಿದವನಿಗಿಂತ ಕಾನೂನಿನ ಕಣ್ಣಲ್ಲಿ ಗಟ್ಟಿಯಾಗಿ ನಿಂತಿರಬಹುದು. ಕೋರ್ಟಿನ ಮೆಟ್ಟಿಲು ಹತ್ತಲು ಬೇಕಾದ ವರ್ಷಗಳೂ ಹಣವೂ ಅವನ ಬಳಿ ಇಲ್ಲ ಎಂಬುದು ಬೇರೆ ಮಾತು. ಮೆಟ್ಟಿಲು ಹತ್ತಿದವನಿಗೆ ಮುಂದಿನ ಧಾರಾವಾಹಿಯ ಕರೆ ಬರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು, ಅದರಲ್ಲೂ ಬಾಗಿಲುಗಳು ಮೂರೇ ಇರುವಾಗ.

ಕಥೆ ಕದ್ದರು ಎಂಬ ದೂರು ಇನ್ನೂ ಜಟಿಲ. ನಾಟಕಕಾರ ಆರ್. ಜಿ. ಆನಂದ್ ಅವರು ತಮ್ಮ ನಾಟಕವನ್ನು ಸಿನಿಮಾದವರು ಬಳಸಿಕೊಂಡರೆಂದು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ, ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದಿತು. ಹೀಗಾಗಿ ಫೋನಿನಲ್ಲಿ ಹೇಳಿದ ‘ಒಂದು ಲೈನಿನ ಕಥೆ’ಗೆ ರಕ್ಷಣೆಯಿಲ್ಲ, ಪಾತ್ರ, ದೃಶ್ಯ, ಮಾತುಗಳೊಂದಿಗೆ ಬರೆದಿಟ್ಟದ್ದಕ್ಕೆ ಇದೆ. ಕಥೆ ಕೇಳಲು ಕರೆದವರ ಮುಂದೆ ಬರೆದ ಕಡತ ಇಲ್ಲದೆ ಬಾಯಿ ಬಿಡಬಾರದೆಂದು ಹಿರಿಯರು ಹೇಳುವುದರ ಹಿಂದೆ ಈ ತೀರ್ಪಿನ ನೆರಳಿದೆ.

ರಾಜ್ಯ ಸರ್ಕಾರ 2024ರಲ್ಲಿ ತಂದ ಸಿನಿ ಮತ್ತು ಸಾಂಸ್ಕೃತಿಕ ಚಟುವಟಿಕೆದಾರರ ಕ್ಷೇಮಾಭಿವೃದ್ಧಿ ಕಾನೂನು ಟಿಕೆಟು ಮತ್ತು ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ಕಲಾವಿದರ, ತಂತ್ರಜ್ಞರ ನಿಧಿ ಕಟ್ಟಲು ಅವಕಾಶ ಮಾಡಿದೆ. ಉದ್ದೇಶ ಒಳ್ಳೆಯದು. ಆದರೆ ಇಂಥ ಯಾವ ನಿಧಿಯೂ ಮೊದಲು ಕೇಳುವುದು ನೀನು ಈ ಕೆಲಸ ಮಾಡಿದವನೆಂಬುದಕ್ಕೆ ಪುರಾವೆ. ಕ್ಯಾಮೆರಾದವನಿಗೆ, ಲೈಟಿನವನಿಗೆ ಸಂಘದ ಕಾರ್ಡು ಇರುತ್ತದೆ. ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲದ, ಒಪ್ಪಂದದ ಹಾಳೆಯೂ ಇಲ್ಲದ ಸಂಭಾಷಣೆಕಾರ ಏನು ತೋರಿಸಬೇಕು?

ಹಾಗಾದರೆ ಇಲ್ಲಿಂದ ನಿರ್ಮಾಪಕನಾಗುವವರೆಗಿನ ದಾರಿ ಪೂರ್ತಿ ಮುಚ್ಚಿದೆಯೇ? ಇಲ್ಲ. ಕಥೆಯ ಹಕ್ಕನ್ನು ಕೈಯಲ್ಲಿ ಇಟ್ಟುಕೊಂಡು ಬಂದವರಿಗೆ ಅದು ಯಾವತ್ತಿಗೂ ಸ್ವಲ್ಪ ತೆರೆದೇ ಇದೆ. ಹಾಸನದ ಬಾನು ಮುಷ್ತಾಕ್ ಅವರ ಕಥೆ 2004ರಲ್ಲೇ ‘ಹಸೀನಾ’ ಚಿತ್ರವಾಯಿತು, ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬರುವುದಕ್ಕೆ ಎರಡು ದಶಕ ಮೊದಲು. ಕಥೆ ಮೊದಲು ಪುಸ್ತಕದಲ್ಲಿತ್ತು, ಅವರ ಹೆಸರಿನಲ್ಲಿತ್ತು, ಹಾಗಾಗಿ ಯಾರದೆಂಬ ಪ್ರಶ್ನೆಯೇ ಹುಟ್ಟಲಿಲ್ಲ. ಸೀತಾರಾಮ್ ಅವರು 2022ರಲ್ಲಿ ‘ಮತ್ತೆ ಮಾಯಾಮೃಗ’ ಎಂದು ತಮ್ಮದೇ ಹಳೆಯ ಕಥೆಗೆ ಮರಳಿ ಹೋದರು. ಕಾಲು ಶತಮಾನದ ಹಿಂದಿನ ಪಾತ್ರಗಳನ್ನು ಅವುಗಳನ್ನು ಸೃಷ್ಟಿಸಿದವರೇ ಮತ್ತೆ ಮಾತಾಡಿಸುವುದು ಇಂದಿನ ಕಮಿಷನ್ ಧಾರಾವಾಹಿಯ ಬರಹಗಾರನಿಗೆ 2047ರಲ್ಲಿ ಸಾಧ್ಯವಾಗುವುದಿಲ್ಲ. ಪಾತ್ರಗಳು ಸಮೂಹದವು, ಸಮೂಹ ಬೇಕೆಂದರೆ ಬೇರೆಯವರಿಂದ ಬರೆಸುತ್ತದೆ.

ಬೆಂಗಳೂರಿನ ದೂರ ಈಗ ನೆಪವಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ರೈಲು ಬಂದ ಮೇಲೆ ಹಾಸನದಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ತಿಂಗಳಿಗೆ ನಾಲ್ಕು ದಿನವಾದರೂ ಸೆಟ್ಟಿನಲ್ಲಿ ಇರುತ್ತೇನೆ, ಎಡಿಟಿಂಗಿನಲ್ಲಿ ಕೂರುತ್ತೇನೆ, ಬಜೆಟ್ಟಿನ ಹಾಳೆ ನೋಡುತ್ತೇನೆ ಎಂದು ಒಪ್ಪಂದದಲ್ಲೇ ಕೇಳುವುದು ಸಂಭಾವನೆಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಿಗೆ ಕೇಳುವುದಕ್ಕಿಂತ ಬೆಲೆಯುಳ್ಳದ್ದು. ಏಕೆಂದರೆ ಒಂದು ಸಂಚಿಕೆಗೆ ಎಷ್ಟು ಖರ್ಚು, ಮಳೆಗಾಲದಲ್ಲಿ ಹೊರಾಂಗಣ ತಪ್ಪಿದರೆ ಎಷ್ಟು ನಷ್ಟ, ಇಬ್ಬರು ಕಲಾವಿದರ ಡೇಟ್ ಕೂಡದಿದ್ದರೆ ದೃಶ್ಯವನ್ನು ಹೇಗೆ ಒಡೆಯಬೇಕು ಎಂಬುದನ್ನು ತಿಳಿಯದವನ ಕೈಗೆ ಯಾರೂ ಧಾರಾವಾಹಿ ಕೊಡುವುದಿಲ್ಲ. ನಾನು ಕೇಳಲಿಲ್ಲ, ಕೇಳಬಹುದೆಂದು ನನಗೆ ಆಗ ಗೊತ್ತಿರಲಿಲ್ಲ.

ಕಳೆದ ವರ್ಷ ಸಕಲೇಶಪುರದ ಬಳಿ ಪರಿಚಿತರೊಬ್ಬರ ಹೋಂಸ್ಟೇಯನ್ನು ಧಾರಾವಾಹಿಯೊಂದರ ತಂಡ ಐದು ದಿನಕ್ಕೆ ಬಾಡಿಗೆಗೆ ಪಡೆಯಿತು. ಅವರು ನನಗೆ ಒಪ್ಪಂದ ತೋರಿಸಿದರು: ಛಾಪಾ ಕಾಗದದ ಮೇಲೆ ಮೂರು ಪುಟ, ದಿನದ ಬಾಡಿಗೆ, ಮುಂಗಡ, ಜಗಲಿಯ ಕೆಂಪು ನೆಲಕ್ಕೆ ಟ್ರಾಲಿಯ ಗೀರು ಬಿದ್ದರೆ ಪರಿಹಾರ, ಮನೆಯ ದೃಶ್ಯಗಳನ್ನು ಬೇರೆ ಧಾರಾವಾಹಿಗೆ ಬಳಸುವುದಾದರೆ ಮತ್ತೆ ಅನುಮತಿ, ಕೊನೆಯಲ್ಲಿ ಕೃತಜ್ಞತೆಯ ಕಾರ್ಡಿನಲ್ಲಿ ಎಸ್ಟೇಟಿನ ಹೆಸರು. ಆ ಐದು ದಿನದ ದೃಶ್ಯಗಳಿಗೆ ಮಾತು ಬರೆದ ಹುಡುಗಿ ಬೇಲೂರಿನವಳು. ಅವಳ ಬಳಿ ಏನಿದೆ ಎಂದು ಕೇಳಿದೆ. ಫೋನ್ ತೆಗೆದು ‘ಇದೇ ಇರೋದು ಸರ್’ ಎಂದು ವಾಟ್ಸಾಪ್ ತೋರಿಸಿದಳು. ರಾತ್ರಿ ಒಂದೂವರೆಗೆ ಅವಳು ಕಳಿಸಿದ ಕಡತದ ಕೆಳಗೆ ಅತ್ತಲಿಂದ ಒಂದು ಹೆಬ್ಬೆರಳಿನ ಚಿತ್ರ ಬಂದಿತ್ತು.